ಎತ್ತಿದ ನೀರಿನ ಋಣ

ನೀರು ತಾನಾಗಿ ತಗ್ಗಿಗೆ ಹರಿಯುವುದು ಪ್ರಕೃತಿಧರ್ಮ; ಅದನ್ನು ಮೇಲಕ್ಕೇರಿಸುವುದು ಮನುಷ್ಯಪ್ರಯತ್ನ. ಏರಿಸುವ ಶ್ರಮ ಒಬ್ಬನದಾಗಿ, ಕುಡಿಯುವವನು ಮತ್ತೊಬ್ಬನಾದರೆ, ಕುಡಿದವನಿಗೆ ಋಣವುಂಟೋ ಇಲ್ಲವೋ ಎಂಬುದು ಇಲ್ಲಿ ವಿಚಾರಿಸತಕ್ಕ ವಿಷಯ.

ನಮ್ಮ ಶ್ರೀರಂಗಪಟ್ಟಣದ ಬಂಗಾರದೊಡ್ಡಿ ನಾಲೆಯನ್ನು ವಾಚಕರು ಬಲ್ಲರು. 17ನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರು ಕಾವೇರಿಯ ನೀರನ್ನೇ ಮೇಲ್ಗಾಲುವೆಯಲ್ಲಿ ಕಾವೇರಿಯ ಮೇಲೆ ದಾಟಿಸಿದರು. ಅಲ್ಲಿ ನೆಲದ ಇಳಿಜಾರೇ ಬಲ, ಬೆಂಕಿಯ ಅಗತ್ಯವಿರಲಿಲ್ಲ.

ಬೆಂಗಳೂರಿಗಾದರೋ ಆ ಅನುಕೂಲವಿಲ್ಲ. ದಿಬ್ಬದ ಮೇಲಿನ ಆ ಊರು ಬಹುಕಾಲ ಕೆರೆಬಾವಿಗಳಿಂದಲೇ ಬದುಕಿತು. ದಿವಾನ್ ಶೇಷಾದ್ರಿ ಅಯ್ಯರವರ ಕಾಲದಲ್ಲಿ, ಹೆಸರಘಟ್ಟದಲ್ಲಿ ನಿಲ್ಲಿಸಿದ ಅರ್ಕಾವತಿಯ ನೀರು ಸೋಲದೇವನಹಳ್ಳಿಯವರೆಗೆ ತಾನೇ ಹರಿದುಬಂದು, ಅಲ್ಲಿಂದ ಉಗಿಯಂತ್ರಗಳ ಬಲದಿಂದ ನಗರಕ್ಕೇರಿತು. ಅದು 1896ನೆಯ ಇಸವಿ. ಲಂಡನ್ನಿನಲ್ಲಿ ಚೆಲ್ಸೀ ಜಲಸಂಸ್ಥೆಯು 1740ರ ದಶಕದಲ್ಲಿಯೇ ಕಲ್ಲಿದ್ದಲನ್ನುರಿಸಿ ಥೇಮ್ಸಿನ ನೀರನ್ನೆತ್ತುತ್ತಿದ್ದಿತು. ನೀರನ್ನೆತ್ತಲು ನೀರೇ ಬೆಂಕಿಯಲ್ಲಿ ಬೆಂದು ಉಗಿಯಾಗಬೇಕಾಯಿತೆಂಬುದು ಚಿಂತನೀಯ. ಒಲೆಯ ಮುಂದೆ ನಿಂತು ಇಂಧನ ತುಂಬಿದವನ ಬೆವರು ನಲ್ಲಿ ತಿರುಗಿಸಿದವನಿಗೆ ಕಾಣಲಿಲ್ಲ. ನಲ್ಲಿ ಬಂದಮೇಲೆ ಕೆರೆಯ ನೆನಪೂ ಮಾಸಿತು. ಧರ್ಮಾಂಬುಧಿಯೆಂಬ ಹೆಸರಿನ ಕೆರೆಯಿದ್ದೆಡೆ ಇಂದು ಬಸ್ಸುಗಳು ನಿಲ್ಲುತ್ತವೆ.

ಉಗಿ ಹೋಗಿ ವಿದ್ಯುತ್ತು ಬಂದಿತು. 1974ರಿಂದ ನಮ್ಮ ಜಿಲ್ಲೆಯ ಮಳವಳ್ಳಿ ಸೀಮೆಯ ತೊರೆಕಾಡನಹಳ್ಳಿಯಿಂದ ಕಾವೇರಿಯೇ ಸುಮಾರು 500 ಮೀಟರ್ ಎತ್ತರವೇರಿ ಬೆಂಗಳೂರಿಗೆ ಹೋಗುತ್ತಿದ್ದಾಳೆ. ಹೊಗೆ ಕಣ್ಣಿಗೆ ದೂರವಾಯಿತಷ್ಟೆ. ವಿದ್ಯುತ್ತಿನಲ್ಲಿಯೂ ಬಹುಭಾಗ ಎಲ್ಲಿಯೋ ಉರಿಯುವ ಕಲ್ಲಿದ್ದಲಿನಿಂದ ಹುಟ್ಟಿದ್ದು.

“ಕಂದಾಯ ತೆತ್ತವನಿಗೆ ಋಣವೆಲ್ಲಿಯದು?” ಎಂದು ಪೂರ್ವಪಕ್ಷ. ತೆತ್ತ ಹಣವು ಯಂತ್ರದ ವೆಚ್ಚಕ್ಕಾಯಿತು, ಆಳಿನ ಕೂಲಿಗೂ ಆಯಿತು. ನದಿಗೆ ಏನನ್ನು ತೆತ್ತೆವು? ನಾಲೆಯ ಕೊನೆಯಲ್ಲಿ ಪೈರೊಣಗಿಸಿಕೊಂಡ ಒಕ್ಕಲಿಗನಿಗೆ ಏನನ್ನು ತೆತ್ತೆವು? ಬೆಲೆ ಬೇರೆ, ಋಣ ಬೇರೆ. ಹಾಗೆಂದು ನಗರದವರು ಬಾಯಾರಿರಲೆಂದು ನಾನು ಹೇಳುವುದಿಲ್ಲ. ಅವರೂ ನಮ್ಮ ಮಕ್ಕಳೇ.

ನಾಗಮಂಗಲದ ಕಡೆಯ ನಮ್ಮ ಮನೆಯಲ್ಲಿ ತಾಯಿಯವರು ಆಳದ ಬಾವಿಯಿಂದ ಸೇದಿದ ನೀರಿನಲ್ಲಿ, ಅಕ್ಕಿ ತೊಳೆದದ್ದು ಹಸುವಿಗೆ, ಪಾತ್ರೆ ತೊಳೆದದ್ದು ಬಾಳೆಗೆ. ಆಕೆಯ ಅಂಗೈ ಹಗ್ಗದ ತೂಕವನ್ನು ಬಲ್ಲುದಾಗಿತ್ತು. ಆ ತಾಯಿಯ ಮಗನಾದ ನಾನು, ಬೆಂಗಳೂರಿನ ಮಗನ ಮನೆಯಲ್ಲಿ ಒಂದು ಮುಂಜಾನೆ ನಲ್ಲಿಯನ್ನು ಬಿಟ್ಟೇ ಆಚಮನಕ್ಕೆ ಕುಳಿತೆನು. ಏಳು ವರ್ಷದ ಮೊಮ್ಮಗಳು ಬಂದು, “ತಾತ, ನೀರು ಸುಮ್ಮನೆ ಹೋಗ್ತಾ ಇದೆ” ಎಂದು ನಿಲ್ಲಿಸಿದಳು. ಶುದ್ಧಿಗಾಗಿ ಕೈಯಲ್ಲಿ ಹಿಡಿದಿದ್ದುದು ಒಂದು ಉದ್ಧರಣೆ ನೀರು. ಚೆಲ್ಲಿದ್ದುದು ಒಂದು ಕೊಡ. ಅಂದಿನ ನನ್ನ ಸಂಧ್ಯಾವಂದನೆಯಲ್ಲಿ ಧರ್ಮವನ್ನರಿತವಳು ಆಕೆಯೇ.

ಯಂತ್ರವು ತೋಳಿನ ಭಾರವನ್ನು ಇಳಿಸಬಲ್ಲುದು, ಮನಸ್ಸಿನ ಭಾರವನ್ನು ಇಳಿಸಲಾರದು, ಇಳಿಸಲೂ ಕೂಡದು. ಹಗ್ಗ ಹಿಡಿಯದ ಕೈಯೂ ಹಗ್ಗವನ್ನು ನೆನೆಯುತ್ತಿರಲಿ. ಆ ನೆನಪೇ ಋಣಸಂದಾಯದ ಮೊದಲ ಕಂತು.