ಸಹಿ ಮಾಡಿದ ಮೇಲೆ ಹಿಂದೆ ಸರಿಯಬಹುದೇ?

ನಮ್ಮ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಸೀಮೆಯಲ್ಲಿ ಒಂದು ತಲೆಮಾರಿನ ಹಿಂದೆ ನೌಕರಿಯೆಂಬುದು ಬಾಯಿಮಾತಿನ ಮೇಲೆಯೇ ನಡೆಯುತ್ತಿತ್ತು. ಅಡತಿ ಅಂಗಡಿಯ ಸಾಹುಕಾರರು ದೀಪಾವಳಿ ಪಾಡ್ಯಕ್ಕೆ ಬರಹೇಳಿದರೆ ಗುಮಾಸ್ತನು ಆ ದಿನ ಬಂದು ಹೊಸ ಖಾತೆಯ ಮೊದಲ ಪುಟವನ್ನು ಬರೆಯುತ್ತಿದ್ದನು. ಇಂದು ಸಿಮೆಂಟ್ ಕಾರ್ಖಾನೆಗಳೂ ಬ್ಯಾಂಕುಗಳೂ ಬೆಂಗಳೂರು, ಹೈದರಾಬಾದಿನ ಕಂಪನಿಗಳೂ ನೇಮಕಪತ್ರ ಕೊಟ್ಟು ಸಹಿ ಪಡೆಯುತ್ತವೆ. ನಮ್ಮ ಮಕ್ಕಳು ಒಂದೆಡೆ ಸಹಿ ಮಾಡಿ, ಆ ಪತ್ರವನ್ನು ಜೇಬಿನಲ್ಲಿಟ್ಟುಕೊಂಡೇ ಇನ್ನೊಂದೆಡೆ ಸಂದರ್ಶನಕ್ಕೆ ಹೋಗುತ್ತಾರೆ. ಹೆಚ್ಚಿನ ಸಂಬಳ ದೊರೆತರೆ ಮೊದಲನೆಯದನ್ನು ಬಿಡುತ್ತಾರೆ. ಕೇಳಿದರೆ, “ಇನ್ನೂ ಒಂದು ದಿನದ ಪಗಾರವನ್ನೂ ತೆಗೆದುಕೊಂಡಿಲ್ಲ, ಋಣವೆಲ್ಲಿಂದ ಬಂತು?” ಎನ್ನುತ್ತಾರೆ. ಈ ಪ್ರಶ್ನೆಯನ್ನು ತಳ್ಳಿಹಾಕದೆ ವಿಚಾರಿಸಬೇಕಾಗಿದೆ.

ಮೂರು ವರ್ಷಗಳ ಹಿಂದೆ ಆಡಕಿಯ ನನ್ನ ಅಂಗಡಿಗೆ ಲೆಕ್ಕ ಬರೆಯುವವರೊಬ್ಬರು ಬೇಕಾಗಿದ್ದರು. ಇಬ್ಬರು ತರುಣರು ಬಂದರು. ಹೆಚ್ಚು ಚುರುಕಾದವನನ್ನು ಆರಿಸಿ, ಜನವರಿ 1ರಿಂದ ಬರುವಂತೆ ಕಾಗದ ಮಾಡಿಕೊಂಡು, ಇನ್ನೊಬ್ಬನಿಗೆ ಜಾಗವಿಲ್ಲವೆಂದು ಹೇಳಿ ಕಳುಹಿಸಿದೆನು. ತೊಗರಿಯ ಆವಕ ಏರುವ ಕಾಲ. ಡಿಸೆಂಬರ್ 29ರಂದು ಆರಿಸಿದ ತರುಣನ ತಂದೆ ಫೋನು ಮಾಡಿ, “ಸಾವ್ಕಾರ್ರೇ, ಹುಡುಗಗ ಫ್ಯಾಕ್ಟರಿಯಾಗ ಆಗ್ಯದ, ಮನಸ್ಸಿಗಿ ಹಚ್ಕೋಬ್ಯಾಡ್ರಿ” ಎಂದರು. ನನಗೆ ಸಿಟ್ಟು ಬಂತು. ವಕೀಲರಿಂದ ನೋಟೀಸು ಕೊಡಿಸುವ ಯೋಚನೆಯೂ ಬಂತು. ಎರಡನೆಯವನ ಮನೆಗೆ ಹೇಳಿಕಳುಹಿಸಿದಾಗ ಅವನ ತಾಯಿ, “ನೀವು ಆಗಂಗಿಲ್ಲ ಅಂದ ಮ್ಯಾಲ ಹೈದರಾಬಾದಕ್ಕ ಹೋದ್ನರಿ” ಎಂದರಂತೆ. ಹಾಸಿಗೆ ಹಿಡಿದ ತಂದೆಯ ಬಳಿ ಇರಬೇಕೆಂದೇ ಅವನು ಊರಿನಲ್ಲಿ ಕೆಲಸ ಹುಡುಕಿದ್ದನು. ನನಗಾದ ನಷ್ಟವೆಂದರೆ ಕೆಲವು ರಾತ್ರಿಗಳ ಜಾಗರಣೆ, ತಡವಾದ ತೆರಿಗೆ ವಿವರಣೆಗೆ ಒಂದಿಷ್ಟು ದಂಡ. ಆ ತಂದೆಮಕ್ಕಳಿಗಾದ ನಷ್ಟವನ್ನು ಯಾವ ಖಾತೆಯಲ್ಲಿ ಬರೆಯುವುದು?

ಮೊದಲು ಕಾನೂನನ್ನು ನೋಡೋಣ. ಕೆಲಸದ ದಿನ ಬರುವ ಮೊದಲೇ ಕರಾರು ಮುರಿಯಬಹುದೆಂಬ ತತ್ತ್ವಕ್ಕೆ ಆಧಾರವಾದ ಪ್ರಸಿದ್ಧ ಮೊಕದ್ದಮೆಯಲ್ಲಿ ಹಿಂದೆ ಸರಿದವನು ನೌಕರನಲ್ಲ, ಯಜಮಾನ. ಇಂಗ್ಲೆಂಡಿನಲ್ಲಿ ಡಿ ಲಾ ಟೂರ್ ಎಂಬವನು ಹಾಕ್‌ಸ್ಟರ್ ಎಂಬವನನ್ನು 1852ರ ಜೂನ್ 1ರಿಂದ ಪ್ರವಾಸದ ಸಹಾಯಕನಾಗಿ ಗೊತ್ತುಮಾಡಿ, ಮೇ 11ರಂದು ಬೇಡವೆಂದು ಬರೆದನು. ಜೂನ್ 1ರವರೆಗೆ ಕಾಯದೆಯೇ ಹಾಕ್‌ಸ್ಟರ್ ದಾವೆ ಹೂಡಬಹುದೆಂದು ನ್ಯಾಯಾಲಯ 1853ರಲ್ಲಿ ತೀರ್ಮಾನಿಸಿತು. ನಮ್ಮ 1872ರ ಕರಾರು ಕಾಯ್ದೆಯ 39ನೆಯ ಕಲಮಿನಲ್ಲೂ ಇದೇ ಅಭಿಪ್ರಾಯವಿದೆ. ಆದರೆ 73ನೆಯ ಕಲಮು ಸಹಜವಾಗಿ ಆದ ನಷ್ಟಕ್ಕಷ್ಟೇ ಪರಿಹಾರ ಕೊಡಿಸುತ್ತದೆ. 74ನೆಯದು ಕಾಗದದಲ್ಲಿ ಬರೆದ ಮೊತ್ತ ಎಷ್ಟೇ ಇರಲಿ, ನ್ಯಾಯವಾದಷ್ಟನ್ನು ಮಾತ್ರ ಕೊಡಿಸುತ್ತದೆ. ಒಲ್ಲದವನನ್ನು ಎಳೆತಂದು ದುಡಿಸುವ ಅಧಿಕಾರ ಯಾವ ಯಜಮಾನನಿಗೂ ಇಲ್ಲ. ಅದು ಇರಕೂಡದು.

ಇತ್ತೀಚೆಗೆ ನಮ್ಮ ರಾಜ್ಯದ ಪ್ರಕರಣವೊಂದು ಸರ್ವೋಚ್ಚ ನ್ಯಾಯಾಲಯವನ್ನು ತಲುಪಿತು. ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿ, 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾದ ವಿಜಯಾ ಬ್ಯಾಂಕು, ಮೂರು ವರ್ಷ ದುಡಿಯುವ ಮೊದಲು ಬಿಟ್ಟರೆ 2 ಲಕ್ಷ ರೂಪಾಯಿ ಕೊಡಬೇಕೆಂದು ಅಧಿಕಾರಿಗಳಿಂದ ಬರೆಸಿಕೊಂಡಿತ್ತು. 2007ರಲ್ಲಿ ಸೇರಿ 2009ರಲ್ಲಿ ಬಿಟ್ಟ ಅಧಿಕಾರಿಯೊಬ್ಬರು ಆ ಹಣ ತೆತ್ತು ದಾವೆ ಹೂಡಿದರು. ಕರ್ನಾಟಕ ಉಚ್ಚ ನ್ಯಾಯಾಲಯವು ಅವರ ಪಕ್ಷ ವಹಿಸಿತು. ಸರ್ವೋಚ್ಚ ನ್ಯಾಯಾಲಯವು 2025ರ ಮೇ ತಿಂಗಳಲ್ಲಿ ಆ ಷರತ್ತನ್ನು ಎತ್ತಿಹಿಡಿಯಿತು. ಸಾರ್ವಜನಿಕ ಬ್ಯಾಂಕು ಒಬ್ಬರನ್ನು ಆರಿಸಲು ಬಹಿರಂಗ ಪ್ರಕಟಣೆಯಿಂದ ಹಿಡಿದು ಮತ್ತೆ ಎಲ್ಲವನ್ನೂ ನಡೆಸಬೇಕಾಗುತ್ತದೆ ಎಂಬುದು ಕಾರಣಗಳಲ್ಲೊಂದು. ಅದು ಕೆಲಸಕ್ಕೆ ಸೇರಿದ ಮೇಲಿನ ಮಾತು, ನಿಜ. ಆದರೆ ಪಗಾರ ಪಡೆದದ್ದರಿಂದ ಮಾತ್ರವೇ ಅಲ್ಲ, ನಮ್ಮನ್ನು ನಂಬಿ ಇನ್ನೊಬ್ಬರು ಬಾಗಿಲು ಮುಚ್ಚಿಕೊಂಡದ್ದರಿಂದಲೂ ಋಣ ಹುಟ್ಟುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

ಕಾನೂನು ನಷ್ಟವನ್ನು ಅಳೆಯುತ್ತದೆ. ಧರ್ಮವು ಭಾವವನ್ನೂ ಅಳೆಯುತ್ತದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸತ್ಯಾಣುವ್ರತಕ್ಕೆ ಉದಾಹರಣೆಯಾಗಿ ಹೆಸರಿಸಿರುವ ಧನದೇವನು ನಮ್ಮಂತೆಯೇ ಒಬ್ಬ ವ್ಯಾಪಾರಿ. ಅವನೂ ಜಿನದೇವನೂ ಲಾಭದಲ್ಲಿ ಸಮಪಾಲೆಂದು ಮಾತಾಡಿಕೊಂಡು ಪರದೇಶಕ್ಕೆ ಹೋದರು. ಸಂಪತ್ತಿನೊಡನೆ ಮರಳಿದ ಮೇಲೆ ಜಿನದೇವನು, ತಾನು ಸಮಪಾಲು ಎಂದಿರಲಿಲ್ಲ, ಉಚಿತವಾದುದನ್ನು ಕೊಡುವೆನೆಂದಿದ್ದೆ ಎಂದು ತಿರುಗಿದನು. ಸಾಕ್ಷಿಯಿರಲಿಲ್ಲ, ಪತ್ರವೂ ಇರಲಿಲ್ಲ. ಕೊನೆಗೆ ದೊರೆಯ ಮುಂದೆ ಧನದೇವನ ಸತ್ಯವೇ ಗೆದ್ದಿತು. ಸಹಿಯಿಲ್ಲದ ಮಾತಿಗೇ ಅಷ್ಟು ತೂಕವಿದ್ದರೆ, ಸಹಿ ಮಾಡಿದ ಮಾತನ್ನು ಹಗುರವೆನ್ನುವುದು ಹೇಗೆ?

ಹಾಗೆಂದು ಹಿಂದೆ ಸರಿದವರೆಲ್ಲರೂ ಸುಳ್ಳುಗಾರರಲ್ಲ. ಸಹಿ ಮಾಡುವಾಗಲೇ ‘ಇದಕ್ಕಿಂತ ಒಳ್ಳೆಯದು ಸಿಕ್ಕರೆ ಹೋಗುವುದಿಲ್ಲ’ ಎಂದು ಮನಸ್ಸಿನಲ್ಲಿಟ್ಟುಕೊಂಡವನು ಆ ಗಳಿಗೆಯಲ್ಲೇ ಅಸತ್ಯವನ್ನಾಡಿದಂತಾಯಿತು. ನಿಜವಾಗಿ ಬರಬೇಕೆಂದಿದ್ದು, ಮನೆಯಲ್ಲಿ ಕಾಯಿಲೆಯಾಗಿಯೋ ಬೇರೆ ಅಡಚಣೆಯಿಂದಲೋ ಬರಲಾಗದವನು ಅಸತ್ಯವಾಡಿದವನಲ್ಲ. ಆದರೆ ತಿಳಿದ ದಿನವೇ ತಿಳಿಸದೆ ಹೋದರೆ ಅವನಿಗೂ ಪ್ರಮಾದದ ದೋಷವುಂಟು. ಇಬ್ಬರ ನಡುವೆ ಮೂರನೆಯವನಿದ್ದಾನೆ: ಕೇವಲ ಹೆಚ್ಚಿನ ಪಗಾರಕ್ಕಾಗಿ ಮನಸ್ಸು ಬದಲಿಸಿದವನು. ಅವನು ಕೂಡಲೆ ತಾನೇ ಹೋಗಿ ಹೇಳಬೇಕು, ತಂದೆಯನ್ನು ಮುಂದೆಮಾಡಬಾರದು. ಆದ ಖರ್ಚನ್ನು ಕೊಡಲು ಸಿದ್ಧನಿರಬೇಕು. ಇಷ್ಟು ಮಾಡಿದರೆ ಮಾತು ಉಳಿಯಿತೆಂದಲ್ಲ. ಮುರಿದ ಮಾತಿನ ಭಾರವನ್ನು ಪರರ ಮೇಲೆ ಹೊರಿಸಲಿಲ್ಲವೆಂದು ಹೇಳಬಹುದು. ವ್ರತಗಳಲ್ಲಿ ಕಾಲಮಿತಿಯುಳ್ಳದ್ದು ನಿಯಮ, ಜೀವನಪರ್ಯಂತದ್ದು ಯಮ ಎಂಬ ಭೇದವಿದೆ. ಪಾಲಿಸಲಾಗುವಷ್ಟನ್ನೇ, ಮಿತಿಯನ್ನು ಮೊದಲೇ ಹೇಳಿ ಒಪ್ಪಿಕೊಳ್ಳುವ ವಿವೇಕ ಅದು. ಇನ್ನೊಂದು ಉತ್ತರಕ್ಕೆ ಕಾಯುತ್ತಿರುವವರು “ಹದಿನೈದು ದಿನ ಸಮಯ ಕೊಡಿ” ಎಂದು ಕೇಳುವುದರಲ್ಲಿ ಅಪಮಾನವೇನೂ ಇಲ್ಲ.

ನೌಕರಿ ಕೊಡುವವರಿಗೂ ಇದೇ ತಕ್ಕಡಿ. ಇನ್ಫೋಸಿಸ್ ಸಂಸ್ಥೆಯು 2022ರಲ್ಲಿ ಆರಿಸಿದ ಅನೇಕ ಎಂಜಿನಿಯರ್ ಪದವೀಧರರನ್ನು 2024ರವರೆಗೆ ಸೇರಿಸಿಕೊಳ್ಳದೆ ಕಾಯಿಸಿದಾಗ ದೂರು ಕೇಂದ್ರ ಕಾರ್ಮಿಕ ಸಚಿವಾಲಯದವರೆಗೆ ಹೋಯಿತು. ದೊಡ್ಡ ಸಂಸ್ಥೆಗಳ ಮಾತು ಹಾಗಿರಲಿ. ಬಸದಿಯ ಟ್ರಸ್ಟಿನವರು ಅರ್ಚಕರನ್ನೋ ಮುನೀಮರನ್ನೋ ಗೊತ್ತುಮಾಡಿ, ಅವರು ಇದ್ದ ಊರಿನ ಮನೆ ಖಾಲಿಮಾಡಿದ ಮೇಲೆ “ಸಭೆಯಲ್ಲಿ ಒಪ್ಪಿಗೆಯಾಗಲಿಲ್ಲ” ಎಂದರೆ ಅದೂ ವಚನಭಂಗವೇ. ಸಭೆಯ ಒಪ್ಪಿಗೆಯನ್ನು ಮಾತು ಕೊಡುವ ಮೊದಲು ಪಡೆಯಬೇಕು.

ನಾನು ನೋಟೀಸು ಕೊಡಿಸಲಿಲ್ಲ. ಅದಕ್ಕೆ ಔದಾರ್ಯ ಕಾರಣವಲ್ಲ. ಹಳೆಯದೊಂದು ನೆನಪು ಕೈಹಿಡಿದು ನಿಲ್ಲಿಸಿತು. 1982ರಲ್ಲಿ ಬಿ.ಕಾಂ. ಮುಗಿಸಿದ ನಾನು ಗುಲ್ಬರ್ಗದ ವ್ಯಾಪಾರಿಯೊಬ್ಬರಲ್ಲಿ ಕಾರಕೂನನಾಗಿ ಸೇರುವುದಾಗಿ ಬರೆದುಕೊಟ್ಟಿದ್ದೆ. ಸೇರುವ ವಾರದಲ್ಲಿ ತಂದೆಯವರಿಗೆ ಪಾರ್ಶ್ವವಾಯು ಬಡಿದು ಅಂಗಡಿಯ ಹೊಣೆ ನನ್ನ ಮೇಲೆ ಬಿತ್ತು. ಕಾರಣ ಸಾಚಾ ಇತ್ತು. ಆದರೆ ಒಂದು ಅಂಚೆ ಕಾರ್ಡನ್ನೂ ನಾನು ಬರೆಯಲಿಲ್ಲ. ಅವರು ಎಷ್ಟು ದಿನ ದಾರಿ ನೋಡಿದರೋ, ನನಗಾಗಿ ಯಾರನ್ನು ಹಿಂದೆ ಕಳುಹಿಸಿದ್ದರೋ ತಿಳಿಯದು. ಕ್ಷಮೆ ಕೇಳೋಣವೆಂದರೆ ಈಗ ಅವರಿಲ್ಲ.

ಅಂದಿನಿಂದ ಒಂದು ನಿಯಮ ಇಟ್ಟುಕೊಂಡಿದ್ದೇನೆ. ಆರಿಸಿದವನು ಬಂದು ಕೆಲಸಕ್ಕೆ ಕುಳಿತುಕೊಳ್ಳುವವರೆಗೆ ಎರಡನೆಯವನಿಗೆ “ಇಲ್ಲ” ಎನ್ನುವುದಿಲ್ಲ. “ಇಂಥ ತಾರೀಖಿಗೆ ಖಚಿತವಾಗಿ ಹೇಳುತ್ತೇನೆ” ಎಂದು ಹೇಳಿ, ಆ ತಾರೀಖಿಗೆ ಫೋನು ಮಾಡುತ್ತೇನೆ. ಸಹಿ ಮಾಡಿರುವ ನಮ್ಮ ಮಕ್ಕಳಿಗೆ ನನ್ನ ವಿನಂತಿ ಇಷ್ಟೇ: ನೀವು ಬಿಟ್ಟುಬರುವ ಕುರ್ಚಿಗಾಗಿ ಯಾರೋ ಒಬ್ಬರು ಹಿಂದಕ್ಕೆ ಹೋಗಿದ್ದಾರೆ. ಅವರು ಊರು ಬಿಡುವ ಮೊದಲು ನಿಮ್ಮ ಮಾತು ತಲುಪುವಂತೆ ನೋಡಿಕೊಳ್ಳಿ.