ತಂತ್ರವೂ ವಂಚನೆಯೂ

ತನ್ನ ಬಲವನ್ನು ಎದುರಾಳಿಯಿಂದ ಬಚ್ಚಿಟ್ಟು ಅವನನ್ನು ಸೋಲಿಸುವುದು ಸುಳ್ಳಿನ ಒಂದು ರೂಪವೇ? ಪ್ರಶ್ನೆಯು ಯುದ್ಧದ ಬಗ್ಗೆ ಅಥವಾ ವ್ಯಾಪಾರದ ಬಗ್ಗೆ ಆಗಿದ್ದರೆ ನಮ್ಮ ವಿದ್ವಾಂಸರ ಗ್ರಂಥಗಳಲ್ಲಿ ಪುಟಗಟ್ಟಲೆ ಉತ್ತರ ಸಿಗುತ್ತದೆ. ಆದರೆ ನಿಮ್ಮ ಮನೆಯಲ್ಲಿ ಈ ಪ್ರಶ್ನೆಯನ್ನು ಎತ್ತುವವನು ಹನ್ನೆರಡು ವರ್ಷದ ಬಾಲಕನಾಗಿರಬಹುದು, ಅವನು ಕೇಳುವುದು ಪೋಕೆಮಾನ್ ಎಂಬ ವಿಡಿಯೋ ಆಟದ ಬಗ್ಗೆಯಾಗಿರಬಹುದು. "ಅದೆಲ್ಲ ಬರೀ ಆಟ, ಹೋಗಿ ಓದಿಕೋ" ಎಂದು ಗದರಿಸಿಬಿಡುವುದು ಸುಲಭ. ಆದರೆ ಸತ್ಯ ಮತ್ತು ವಂಚನೆಯ ಗಡಿಯನ್ನು ಒಂದು ಮಗು ಪ್ರಥಮ ಬಾರಿಗೆ ತಡಕಾಡುವುದು ಹೆಚ್ಚಾಗಿ ಆಟದಲ್ಲಿಯೇ ಅಲ್ಲವೇ?

ಈ ಆಟ ಹುಟ್ಟಿದ್ದು ಜಪಾನಿನಲ್ಲಿ, 1996ರಲ್ಲಿ. ಬಾಲ್ಯದಲ್ಲಿ ಹುಳು ಹುಪ್ಪಟೆಗಳನ್ನು ಹಿಡಿದು ಸಂಗ್ರಹಿಸುತ್ತಿದ್ದ ಸತೋಶಿ ತಾಜಿರಿ ಎಂಬವರು ಆ ಹವ್ಯಾಸದಿಂದ ಇದರ ಕಲ್ಪನೆಯನ್ನು ಪಡೆದರು. ಆಟಗಾರನು ವಿಚಿತ್ರ ಜೀವಿಗಳನ್ನು ಹಿಡಿದು, ಸಾಕಿ, ಪಳಗಿಸಿ ಇನ್ನೊಬ್ಬನ ಜೀವಿಗಳೊಂದಿಗೆ ಕಾಳಗಕ್ಕೆ ಬಿಡುತ್ತಾನೆ. 2001ರಲ್ಲಿ ಸೌದಿ ಅರೇಬಿಯಾದ ವಿದ್ವಾಂಸರು ಇದರ ವಿರುದ್ಧ ಫತ್ವಾ ನೀಡಿದ್ದರು. ಇದರ ಕಾರ್ಡುಗಳ ವಿನಿಮಯದಲ್ಲಿ ಜೂಜಿನ ಸ್ವರೂಪವಿದೆ ಎಂಬುದು ಅವರ ಪ್ರಮುಖ ಆಕ್ಷೇಪಗಳಲ್ಲೊಂದಾಗಿತ್ತು. ಅಪರೂಪದ ಕಾರ್ಡು ಸಿಕ್ಕೀತೆಂದು ಮುಚ್ಚಿದ ಪೊಟ್ಟಣಗಳಿಗೆ ಹಣ ಸುರಿಯುವ ಮಕ್ಕಳನ್ನು ಕಂಡವರು ಆ ಆಕ್ಷೇಪವನ್ನು ಲಘುವಾಗಿ ಪರಿಗಣಿಸಲಾರರು. ಆಟ ಮನೆಗೆ ಬರಬೇಕೇ ಬೇಡವೇ ಎಂಬುದನ್ನು ನೀವು ನಿಮ್ಮ ವಿಶ್ವಾಸದ ವಿದ್ವಾಂಸರಲ್ಲಿ ಕೇಳಿಕೊಳ್ಳಿ. ನಾನಿಲ್ಲಿ ಮಾತನಾಡುವುದು ಅದು ಈಗಾಗಲೇ ಒಳಗೆ ಬಂದು ಕುಳಿತಿರುವ ಮನೆಗಳ ಬಗ್ಗೆ.

ಆ ಕಾಳಗದ ರೀತಿಯನ್ನು ಸ್ವಲ್ಪ ತಿಳಿಯದೆ ಮಗನ ಪ್ರಶ್ನೆ ಅರ್ಥವಾಗಲಾರದು. ಗಾರ್ಚೊಂಪ್ ಎಂಬ ಒಂದು ಜೀವಿಯನ್ನು ತೆಗೆದುಕೊಳ್ಳಿ. 2006ರಲ್ಲಿ ಈ ಆಟಕ್ಕೆ ಬಂದ ಅದು ಆಕ್ರಮಣದಲ್ಲಿ ಹೆಸರುವಾಸಿ. ಅದರ ಮೂಲ ಆಕ್ರಮಣಶಕ್ತಿ 130, ವೇಗ 102. ವೇಗದಲ್ಲಿ ಸರಿಯಾಗಿ 100 ಇರುವ ಜೀವಿಗಳು ಅನೇಕವಿವೆ. ಆ ಎರಡು ಅಂಕಗಳ ಹೆಚ್ಚಳದಿಂದ ಅದು ಅವೆಲ್ಲಕ್ಕಿಂತ ಮುಂಚಿತವಾಗಿ ಹೊಡೆಯಬಲ್ಲುದು. 2022ರಲ್ಲಿ ಬಂದ ಸ್ಕಾರ್ಲೆಟ್ ಮತ್ತು ವಯೊಲೆಟ್ ಎಂಬ ಆಟಗಳಲ್ಲಿ ಪ್ರತಿಯೊಂದು ಜೀವಿಗೂ ತರಬೇತಿಯ ಅಂಕಗಳು ಒಟ್ಟು 510, ಯಾವುದೇ ಒಂದು ಗುಣಕ್ಕೆ 252ಕ್ಕಿಂತ ಹೆಚ್ಚು ಕೊಡುವಂತಿಲ್ಲ. ಆಕ್ರಮಣಕ್ಕೂ ವೇಗಕ್ಕೂ ಪೂರ್ತಿ ಕೊಟ್ಟರೆ ರಕ್ಷಣೆಗೆ ಉಳಿಯುವುದು ಬರೇ 6. ಬಲವೆಂಬುದು ಪುಕ್ಕಟೆ ಸಿಗದು ಎಂಬುದನ್ನು ಆಟ ಮಾಡಿದವರು ಚೆನ್ನಾಗಿಯೇ ಅರಿತಿದ್ದಾರೆ. ಅದರ ಒಂದು ವರಸೆ ಔಟ್‌ರೇಜ್, ಅಂದರೆ ರೋಷಾವೇಶ. ಅದನ್ನು ಪ್ರಯೋಗಿಸಿದರೆ ಗಾರ್ಚೊಂಪ್ ಎರಡು ಮೂರು ಸರದಿ ಹುಚ್ಚೆದ್ದು ಹೊಡೆಯುತ್ತದೆ, ಆಟಗಾರನ ಮಾತು ಕೇಳುವುದಿಲ್ಲ. ಕೊನೆಗೆ ದಿಕ್ಕುತಪ್ಪಿ ತನ್ನನ್ನೇ ಹೊಡೆದುಕೊಳ್ಳುವ ಸ್ಥಿತಿಗೆ ಬೀಳುತ್ತದೆ. ನಿಜವಾದ ಬಲಶಾಲಿಯು ಕುಸ್ತಿಯಲ್ಲಿ ಇನ್ನೊಬ್ಬನನ್ನು ಕೆಡಹುವವನಲ್ಲ, ಕೋಪ ಬಂದಾಗ ತನ್ನನ್ನು ಹತೋಟಿಯಲ್ಲಿಟ್ಟುಕೊಳ್ಳುವವನು ಎಂಬರ್ಥದ ಪ್ರವಾದಿವಚನವನ್ನು ಮದ್ರಸದಲ್ಲಿ ಕಲಿತ ಮಗನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೋತಾಗ ಕೈಯಲ್ಲಿರುವುದನ್ನು ಗೋಡೆಗೆ ಎಸೆಯುವವನಾದರೆ ಹೇಳಬೇಕಾದೀತು!

ಇನ್ನು ಬಚ್ಚಿಡುವ ವಿಷಯ. ಪಂದ್ಯದಲ್ಲಿ ಇಬ್ಬರೂ ಆಟಗಾರರು ಒಬ್ಬರದು ಇನ್ನೊಬ್ಬರಿಗೆ ಕಾಣದಂತೆ ಆದೇಶ ಕೊಡುತ್ತಾರೆ. ಬಳಿಕವೇ ಹೊಡೆತಗಳು ನಡೆಯುತ್ತವೆ. ಗಾರ್ಚೊಂಪ್‌ನ ದೊಡ್ಡ ದೌರ್ಬಲ್ಯ ಮಂಜು. ಮಂಜಿನ ಹೊಡೆತ ಅದಕ್ಕೆ ನಾಲ್ಕು ಪಟ್ಟು ತಗಲುತ್ತದೆ. ಎದುರಾಳಿಗೂ ಇದು ಗೊತ್ತು. ಗಾರ್ಚೊಂಪ್ ಒಂದು ಸರದಿಯನ್ನು ಕತ್ತಿನೃತ್ಯ ಎಂಬರ್ಥದ ವರಸೆಗೆ ವ್ಯಯಿಸಿ ತನ್ನ ಆಕ್ರಮಣಶಕ್ತಿಯನ್ನು ಇಮ್ಮಡಿಗೊಳಿಸಿಕೊಳ್ಳುತ್ತದೆ. ಆ ಸಮಯ ಸಾಧಿಸಿ ಎದುರಾಳಿ ಮಂಜಿನ ಹೊಡೆತ ಕೊಡುತ್ತಾನೆ. ಸತ್ತಿತೆಂದೇ ಅವನ ಎಣಿಕೆ. ಆದರೆ ಅದರ ಬಳಿ ಯಾಚೆ ಎಂಬ ಹಣ್ಣು ಅಡಗಿರುತ್ತದೆ. ಮಂಜಿನ ಅಂತಹ ಹೊಡೆತವನ್ನು ಆ ಹಣ್ಣು ಒಂದು ಸಲದ ಮಟ್ಟಿಗೆ ಅರ್ಧಕ್ಕಿಳಿಸುತ್ತದೆ. ಗಾರ್ಚೊಂಪ್ ಬದುಕುಳಿದರೆ ಮರುಸರದಿಯಲ್ಲಿ ಇಮ್ಮಡಿ ಬಲದಿಂದ ಹೊಡೆಯುತ್ತದೆ. ಹಳೆಯ ಆಟಗಾರರಿಗೆ ಚಿರಪರಿಚಿತವಾದ ಉಪಾಯವಿದು.

ಇಲ್ಲಿ ಮೋಸ ಹೋದವನಿದ್ದಾನೆ. ಆದರೆ ಮೋಸ ಮಾಡಿದವನಿದ್ದಾನೆಯೇ? ಇಲ್ಲವೆಂದೇ ನನ್ನ ಅಭಿಪ್ರಾಯ. ಅಂತಹ ಹಣ್ಣನ್ನು ಬಳಸಬಹುದೆಂದು ಇಬ್ಬರಿಗೂ ಗೊತ್ತಿತ್ತು. ಅದನ್ನು ತೋರಿಸುತ್ತೇನೆಂದು ಯಾರೂ ಮಾತು ಕೊಟ್ಟಿರಲಿಲ್ಲ. ಎದುರಾಳಿ ಕೆಟ್ಟದ್ದು ತನ್ನದೇ ಊಹೆಯಿಂದ.

ಪ್ರವಾದಿವರ್ಯರ(ಸ) ಜೀವನದಲ್ಲಿ ಇದಕ್ಕೆ ಮಾದರಿಯಿದೆ. ಹಝ್ರತ್ ಕಅಬ್ ಬಿನ್ ಮಾಲಿಕ್(ರ) ತಿಳಿಸಿರುವಂತೆ ಪ್ರವಾದಿವರ್ಯರು(ಸ) ದಂಡಯಾತ್ರೆಗೆ ಹೊರಡುವಾಗ ತಾವು ಹೋಗುವ ದಿಕ್ಕನ್ನು ಬಹಿರಂಗಪಡಿಸದೆ ಬೇರೊಂದು ಕಡೆಯೆಂದು ತೋರುವಂತೆ ಮಾತನಾಡುತ್ತಿದ್ದರು. ಹಿಜರಿ 9ರ ತಬೂಕ್ ಯಾತ್ರೆ ಮಾತ್ರ ಇದಕ್ಕೆ ಹೊರತು. ಸುಡುಬಿಸಿಲಿನಲ್ಲಿ ಅತಿ ದೂರದ ಪ್ರಯಾಣವಾಗಿದ್ದುದರಿಂದ ಜನರು ಸಿದ್ಧರಾಗಲೆಂದು ಅದನ್ನು ಮುಂಚಿತವಾಗಿಯೇ ತಿಳಿಸಲಾಯಿತು. ಯುದ್ಧದಲ್ಲಿ ಶತ್ರುವನ್ನು ಉಪಾಯದಿಂದ ದಾರಿತಪ್ಪಿಸಬಹುದೆಂದು ಒಪ್ಪುವ ಇಮಾಮ್ ನವವಿ(ರ) ಅಲ್ಲಿಯೇ ಒಂದು ಗೆರೆ ಎಳೆಯುತ್ತಾರೆ. ಕೊಟ್ಟ ಕರಾರನ್ನು ಅಥವಾ ಅಭಯವನ್ನು ಮುರಿಯುವಂತಹ ಉಪಾಯಕ್ಕೆ ಅನುಮತಿಯಿಲ್ಲ.

ಆ ಗೆರೆ ಎಷ್ಟು ಬಿಗಿಯಾದುದೆಂದು ತಿಳಿಯಲು ಬದ್ರ್‌ನ ಒಂದು ಘಟನೆ ಸಾಕು. ಹಝ್ರತ್ ಹುದೈಫಾ(ರ) ಮತ್ತು ಅವರ ತಂದೆ ದಾರಿಯಲ್ಲಿ ಕುರೈಶರ ಕೈಗೆ ಸಿಕ್ಕಿಬಿದ್ದರು. "ನೀವು ಮುಹಮ್ಮದರ ಬಳಿಗೆ ಹೊರಟವರು" ಎಂದು ಕುರೈಶರು ತಡೆದಾಗ, ತಾವು ಮದೀನಕ್ಕೆ ಮಾತ್ರ ಹೋಗುವವರೆಂದು ಅವರು ಉತ್ತರಿಸಿದರು. ಪ್ರವಾದಿಯ(ಸ) ಜೊತೆ ಸೇರಿ ಯುದ್ಧ ಮಾಡುವುದಿಲ್ಲವೆಂದು ಅಲ್ಲಾಹನ ಹೆಸರಲ್ಲಿ ಮಾತು ತೆಗೆದುಕೊಂಡು ಕುರೈಶರು ಅವರನ್ನು ಬಿಟ್ಟರು. ಇಬ್ಬರೂ ಬಂದು ನಡೆದುದನ್ನು ಪ್ರವಾದಿವರ್ಯರಿಗೆ(ಸ) ತಿಳಿಸಿದರು. ಸಂದರ್ಭವನ್ನು ಸ್ವಲ್ಪ ಊಹಿಸಿ. ಮುಸ್ಲಿಮರು ಮುನ್ನೂರಕ್ಕಿಂತ ಸ್ವಲ್ಪ ಹೆಚ್ಚು, ಎದುರಿಗೆ ಸುಮಾರು ಒಂದು ಸಾವಿರ. ಒಬ್ಬೊಬ್ಬ ಯೋಧನೂ ಅಮೂಲ್ಯ. ಮಾತು ಪಡೆದವರೋ ಬದ್ಧ ಶತ್ರುಗಳು, ಪಡೆದದ್ದು ಬಲವಂತದಿಂದ. ಆ ಮಾತನ್ನು ಮುರಿಯಲು ನಮ್ಮಂತಹವರಿಗಾದರೆ ಹತ್ತು ನೆವಗಳು ಸಿಗುತ್ತಿದ್ದವು. ಆದರೆ ಪ್ರವಾದಿವರ್ಯರು(ಸ) ಅವರಿಬ್ಬರನ್ನೂ ಮದೀನಕ್ಕೆ ಕಳುಹಿಸಿದರು. ಅವರಿಗೆ ಕೊಟ್ಟ ಮಾತನ್ನು ನಾವು ಪಾಲಿಸೋಣ, ಅವರ ವಿರುದ್ಧ ಅಲ್ಲಾಹನ ನೆರವನ್ನು ಬೇಡೋಣ ಎಂಬುದು ಅವರ ನಿಲುವಾಗಿತ್ತು. ಇದು ಸಹೀಹ್ ಮುಸ್ಲಿಮ್‌ನಲ್ಲಿ ವರದಿಯಾಗಿದೆ. ದಿಕ್ಕನ್ನು ಮರೆಮಾಚಿದವರೂ ಇವರೇ, ಇಬ್ಬರು ಯೋಧರನ್ನು ಬಿಟ್ಟುಕೊಟ್ಟವರೂ ಇವರೇ.

ಈ ಬೆಳಕಿನಲ್ಲಿ ಮಕ್ಕಳ ಆಟಕ್ಕೆ ಮರಳೋಣ. 2023ರ ಆಗಸ್ಟ್‌ನಲ್ಲಿ ಜಪಾನಿನ ಯೊಕೊಹಾಮಾ ನಗರದಲ್ಲಿ ಈ ಆಟದ ವಿಶ್ವ ಪಂದ್ಯಾಟ ಜರಗಿತು. ಅಲ್ಲಿ ಹಲವು ಆಟಗಾರರನ್ನು ಅನರ್ಹಗೊಳಿಸಲಾಯಿತು. ಆಟದೊಳಗೆ ಸಾಕಿ ಬೆಳೆಸಬೇಕಾದ ಜೀವಿಗಳ ಬದಲು ಹೊರಗಿನ ಸಾಧನಗಳಿಂದ ಕೃತಕವಾಗಿ ತಯಾರಿಸಿದ ಜೀವಿಗಳು ಅವರ ತಂಡದಲ್ಲಿದ್ದವು. ಪ್ರತಿಯೊಂದು ಜೀವಿಗೂ ಆರು ಗುಣಗಳಲ್ಲಿ 0ಯಿಂದ 31ರವರೆಗೆ ಹುಟ್ಟಿನಿಂದ ಬರುವ ಅಂಕಗಳಿರುತ್ತವೆ. ಅವನ್ನು ಪೂರ್ಣಕ್ಕೆ ತರಲು ಹಿಂದಿನ ಆಟಗಳಲ್ಲಿ ರಾಶಿ ರಾಶಿ ಮೊಟ್ಟೆಗಳನ್ನು ಮರಿಮಾಡಿಸಬೇಕಿತ್ತು. ಕ್ರಮೇಣ ಕೆಲಸ ಹಗುರವಾಯಿತಾದರೂ ಒಂದು ತಂಡ ಕಟ್ಟಲು ಗಂಟೆಗಳೇ ಬೇಕು.

ಹೀಗೆ ಮಾಡುವವರನ್ನು ಸಮರ್ಥಿಸುವವರ ವಾದ ಗಟ್ಟಿಯಾಗಿಯೇ ಕೇಳಿಸುತ್ತದೆ. ತಯಾರಿಸಿದ ಗಾರ್ಚೊಂಪ್‌ಗೂ ಸಾಕಿದ ಗಾರ್ಚೊಂಪ್‌ಗೂ ಅಂಕಗಳಲ್ಲಿ ಕಿಂಚಿತ್ತೂ ವ್ಯತ್ಯಾಸವಿಲ್ಲ. ಗೆಲ್ಲಿಸುವುದು ಬುದ್ಧಿ. ದುಡಿಮೆ, ಓದು ಇರುವವರಿಗೆ ಸಾಕುತ್ತಾ ಕೂರಲು ಪುರುಸೊತ್ತೆಲ್ಲಿ? ಯಾರಿಗೆ ನಷ್ಟವಾಯಿತು? ನಿಮ್ಮ ಮಗ ಈ ವಾದವನ್ನು ಮುಂದಿಟ್ಟರೆ ತಕ್ಷಣ ಬೈಯಬೇಡಿ. ಅದರ ಅರ್ಧ ಭಾಗ ಸರಿಯಾಗಿದೆ. ಪೋಕೆಮಾನ್ ಶೋಡೌನ್ ಎಂಬ, ಕಂಪ್ಯೂಟರಿನಲ್ಲಿ ಆಡುವ ಕಾಳಗದ ಏರ್ಪಾಡೊಂದಿದೆ. ಅಲ್ಲಿ ಏನನ್ನೂ ಸಾಕಬೇಕಾಗಿಲ್ಲ. ಬೇಕಾದ ಅಂಕಗಳನ್ನು ಬರೆದುಕೊಂಡು ಆಟಕ್ಕಿಳಿಯಬಹುದು. ಅಲ್ಲಿ ಹಾಗೆ ಮಾಡಿದವನನ್ನು ಯಾರೂ ವಂಚಕನೆನ್ನುವುದಿಲ್ಲ, ಅನ್ನಲೂಬಾರದು. ಏಕೆಂದರೆ ಅಲ್ಲಿಯ ಕರಾರೇ ಅದು. ಪಂದ್ಯಾಟಕ್ಕೆ ಹೆಸರು ನೋಂದಾಯಿಸಿದವನಾದರೋ ಸಾಕಿದ ಜೀವಿಯನ್ನೇ ತರುತ್ತೇನೆಂದು ಒಪ್ಪಿಕೊಂಡು ಬಂದಿದ್ದಾನೆ. ಅವನ ಎದುರಿಗೆ ಕುಳಿತವನು ಆ ಒಪ್ಪಿಗೆಯನ್ನು ನಂಬಿ ತನ್ನ ಸಂಜೆಗಳನ್ನು ಮೊಟ್ಟೆ ಕಾಯುವುದರಲ್ಲಿ ಕಳೆದಿದ್ದಾನೆ. ಆ ಸಂಜೆಗಳಲ್ಲಿ ಇವನು ಕಾಳಗದ ಅಭ್ಯಾಸ ಮಾಡಿದ. ನಷ್ಟ ಯಾರಿಗಾಯಿತು ಎಂಬ ಪ್ರಶ್ನೆಗೆ ಉತ್ತರ ಎದುರಿನ ಕುರ್ಚಿಯಲ್ಲಿಯೇ ಇದೆ. ನಿಯಮವೇ ಮೂರ್ಖತನದ್ದು ಎಂದು ಕಂಡರೆ ಅದನ್ನು ಬದಲಾಯಿಸಿ ಎಂದು ಬಹಿರಂಗವಾಗಿ ವಾದಿಸಬಹುದು, ಆಡದೆ ಹೊರಗುಳಿಯಬಹುದು. ಒಪ್ಪಿ, ಒಳಗೊಳಗೇ ಮುರಿಯುವ ದಾರಿ ಮಾತ್ರ ತೆರೆದಿಲ್ಲ. ಅಲ್‌ಮಾಇದಃ ಅಧ್ಯಾಯವು ಜೂಜನ್ನು ನಿಷೇಧಿಸುವುದು ತೊಂಬತ್ತನೆಯ ಸೂಕ್ತದಲ್ಲಿ. ಕರಾರುಗಳನ್ನು ಪಾಲಿಸಿರೆಂದು ವಿಶ್ವಾಸಿಗಳಿಗೆ ಆಜ್ಞಾಪಿಸುವುದು ಪ್ರಥಮ ಸೂಕ್ತದಲ್ಲಿಯೇ. ನಾವು ಮಕ್ಕಳಿಗೆ ತೊಂಬತ್ತನೆಯದನ್ನು ಪದೇ ಪದೇ ನೆನಪಿಸುತ್ತೇವೆ.

ಯೊಕೊಹಾಮಾದಲ್ಲಿ ಇನ್ನೊಂದು ನಿಯಮವೂ ಇತ್ತು. ಪ್ರತಿಯೊಬ್ಬನೂ ತನ್ನ ಜೀವಿಗಳ ವರಸೆಗಳನ್ನೂ ಅವು ಹಿಡಿದಿರುವ ವಸ್ತುಗಳನ್ನೂ ಬರೆದ ಪಟ್ಟಿಯನ್ನು ಎದುರಾಳಿಗೆ ಕೊಡಬೇಕಿತ್ತು. ತರಬೇತಿಯ ಅಂಕಗಳನ್ನು ಮಾತ್ರ ತೋರಿಸಬೇಕಾಗಿರಲಿಲ್ಲ. ಅಂದರೆ ಯಾಚೆ ಹಣ್ಣಿನ ಗುಟ್ಟು ಅಲ್ಲಿ ಗುಟ್ಟಾಗಿ ಉಳಿಯುವಂತಿರಲಿಲ್ಲ. ಒಂದು ಕಡೆ ಜಾಣತನವೆನಿಸಿದ ಮೌನ ಇನ್ನೊಂದು ಕಡೆ ವಂಚನೆಯಾಗುತ್ತದೆ. ವ್ಯಾಪಾರದಲ್ಲಿರುವ ಓದುಗರಿಗೆ ಇದು ಹೊಸತೇನಲ್ಲ. ನೀವು ಸರಕನ್ನು ಎಷ್ಟಕ್ಕೆ ತಂದಿರೆಂದು ಪ್ರತಿಯೊಬ್ಬ ಗಿರಾಕಿಗೂ ಹೇಳಬೇಕಾಗಿಲ್ಲ. ಆದರೆ ಸರಕಿನ ದೋಷವನ್ನು ಮುಚ್ಚಿಡುವಂತಿಲ್ಲ. ಪ್ರವಾದಿವರ್ಯರು(ಸ) ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಹಾಕಿ ಒಳಗಿನ ತೇವವನ್ನು ಕಂಡುಹಿಡಿದು, ಜನರಿಗೆ ಕಾಣುವಂತೆ ಅದನ್ನು ಮೇಲೇಕೆ ಇಡಲಿಲ್ಲವೆಂದು ವ್ಯಾಪಾರಿಯನ್ನು ಪ್ರಶ್ನಿಸಿದ್ದರು. ಲಾಭದ ಲೆಕ್ಕವನ್ನು ಅವರು ಕೇಳಲಿಲ್ಲ.

ಇಷ್ಟನ್ನು ಮಗನಿಗೆ ವಿವರಿಸಹೊರಟ ತಂದೆ ತಾಯಿಗೆ ಒಂದು ತೊಡಕು ಎದುರಾಗಬಹುದು. ಇಂತಹ ಆಟಗಳ ಖಾತೆ ತೆರೆಯುವಾಗ ಹುಟ್ಟಿದ ದಿನಾಂಕ ಕೇಳುತ್ತಾರೆ, ಪಂದ್ಯಾಟಗಳಲ್ಲಿ ವಯಸ್ಸಿಗನುಗುಣವಾಗಿ ವಿಭಾಗಗಳಿರುತ್ತವೆ. ಮಗುವಿನ ಖಾತೆಗೆ ನಿರ್ಬಂಧ ಹೆಚ್ಚೆಂದು ನಾಲ್ಕಾರು ವರ್ಷ ಕೂಡಿಸಿ ತುಂಬಿಸಿಕೊಟ್ಟವರು ಯಾರು? ಎಷ್ಟೋ ಮನೆಗಳಲ್ಲಿ ನಾವೇ. ಬಸ್ಸಿನಲ್ಲಿ ಅರ್ಧ ಟಿಕೆಟಿಗಾಗಿ ವಯಸ್ಸು ಇಳಿಸಿ ಹೇಳುವಾಗ ಪಕ್ಕದಲ್ಲಿ ಕುಳಿತು ಕೇಳಿಸಿಕೊಂಡದ್ದೂ ಅದೇ ಮಗು. "ಉಮ್ಮ, ಅದು ಯಾವ ಕರಾರು?" ಎಂದು ಅವನು ಕೇಳಿದರೆ ಸಿಟ್ಟಾಗದಿರಿ. ಖಾತೆಯ ದಿನಾಂಕವನ್ನು ಸರಿಪಡಿಸಿ. ಆಗದಿದ್ದರೆ ಸರಿಯಾದ ದಿನಾಂಕದೊಂದಿಗೆ ಹೊಸದನ್ನು ತೆರೆಯಿರಿ. ಕೆಲವು ಸೌಲಭ್ಯಗಳು ತಪ್ಪಿಹೋಗಬಹುದು, ತಪ್ಪಲಿ.

ಕೊನೆಗೆ ಸ್ವಲ್ಪ ಸೂಕ್ಷ್ಮವಾದ ಒಂದು ಸಂದರ್ಭ. ಈ ಆಟದಲ್ಲಿ ಗೆಳೆಯರು ಜೀವಿಗಳನ್ನು ವಿನಿಮಯ ಮಾಡಿಕೊಳ್ಳುತ್ತಾರೆ. ನಿಮ್ಮ ಮಗನಿಗೆ ಹಾಗೆ ಬಂದ ಗಾರ್ಚೊಂಪ್ ಕೃತಕವಾದದ್ದೆಂದು ಅವನಿಗೆ ತಡವಾಗಿ ತಿಳಿಯಿತು ಎಂದಿಟ್ಟುಕೊಳ್ಳಿ. ಅಷ್ಟರಲ್ಲಿ ಅದರಿಂದ ಒಂದು ಬಹುಮಾನವನ್ನೂ ಗೆದ್ದಿದ್ದಾನೆ. ಅರಿಯದೆ ಮಾಡಿದ್ದಕ್ಕೆ ಅವನನ್ನು ವಂಚಕನೆನ್ನಲಾಗದು. ತಿಳಿದ ಬಳಿಕ ಅದನ್ನು ಮತ್ತೊಂದು ಪಂದ್ಯಾಟಕ್ಕೆ ಒಯ್ಯುವಂತಿಲ್ಲ ಎಂಬುದೂ ಸ್ಪಷ್ಟ. ಆದರೆ ಗೆದ್ದ ಬಹುಮಾನ? ಯಾರೂ ಕೇಳುತ್ತಿಲ್ಲವಲ್ಲ ಎಂದು ಸುಮ್ಮನಿರಬಹುದೇ? ನನ್ನ ದೃಷ್ಟಿಯಲ್ಲಿ ಅವನು ಸಂಘಟಕರಿಗೆ ವಿಷಯ ತಿಳಿಸಬೇಕು. ಇಟ್ಟುಕೋ ಎಂದರೆ ಇಟ್ಟುಕೊಳ್ಳಲಿ, ಮರಳಿಸು ಎಂದರೆ ಮರಳಿಸಲಿ. ಅಂದು ಎರಡನೆಯ ಸ್ಥಾನಕ್ಕೆ ತೃಪ್ತಿಪಟ್ಟುಕೊಂಡು ಮನೆಗೆ ಹೋದ ಹುಡುಗನೂ ಒಬ್ಬನಿದ್ದಾನೆ. ಸಂಘಟಕರಿಗೆ ಪತ್ರ ಬರೆಯಲು ಮಗ ಕುಳಿತಾಗ ನೀವೂ ಪಕ್ಕದಲ್ಲಿ ಕುಳಿತುಕೊಳ್ಳಿ. ಏಕೆಂದರೆ ಅದು ಅವನೊಬ್ಬನಿಂದಲೇ ಆಗುವಷ್ಟು ಸಣ್ಣ ಕೆಲಸವಲ್ಲ.