ವೈಯಾವೃತ್ತ್ಯವೆಂಬ ಅಂತರಂಗ ತಪಸ್ಸು



ಭಾದ್ರಪದ ಶುಕ್ಲ ಪಂಚಮಿಯಿಂದ ಅನಂತ ಚತುರ್ದಶಿಯವರೆಗಿನ ದಶಲಕ್ಷಣ ಪರ್ವದಲ್ಲಿ ಬಸದಿಯ ಅಂಗಳದಲ್ಲಿ ಕೇಳಿಬರುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಯಾರು ಎಷ್ಟು ಉಪವಾಸ ಮಾಡಿದರು? ಆ ಪ್ರಶ್ನೆ ಎದ್ದಾಗಲೆಲ್ಲ ತಲೆತಗ್ಗಿಸುವವರೂ ಅಲ್ಲಿರುತ್ತಾರೆ. ಮಧುಮೇಹದಿಂದ ನರಳುವವರು, ಹೊತ್ತುಹೊತ್ತಿಗೆ ಔಷಧಿ ಸೇವಿಸಲೇಬೇಕಾದವರು, ವೈದ್ಯರಿಂದ ಉಪವಾಸ ನಿಷಿದ್ಧವಾದವರು. ಪತಿವಿಯೋಗದಿಂದ ಕುಗ್ಗಿದ್ದ ಇಂಥ ವೃದ್ಧೆಯೊಬ್ಬರು ಒಮ್ಮೆ, "ಪಂಡಿತರೇ, ನನ್ನ ಪಾಲಿಗೆ ಇನ್ನು ಪರ್ವವೇ ಇಲ್ಲದಂತಾಯಿತು" ಎಂದು ಕಣ್ಣೀರಿಟ್ಟರು. ಅವರಿಗೆ ಅಂದು ನಾನು ಹೇಳಲೆತ್ನಿಸಿದುದನ್ನೇ ಇಲ್ಲಿ ತಮ್ಮ ಮುಂದಿಡುತ್ತಿದ್ದೇನೆ.

ತಪಸ್ಸು ಹನ್ನೆರಡು ವಿಧ. ಅನಶನವೇ ಮೊದಲಾದ ಆರು ಬಾಹ್ಯ, ಆರು ಅಭ್ಯಂತರ. ಅಭ್ಯಂತರ ತಪಸ್ಸಿನಲ್ಲಿ ಮೂರನೆಯದು ವೈಯಾವೃತ್ತ್ಯ, ಎಂದರೆ ಸೇವೆ. ತತ್ತ್ವಾರ್ಥಸೂತ್ರದ 9ನೆಯ ಅಧ್ಯಾಯವು ಸೇವೆಗೆ ಪಾತ್ರರಾದ ಹತ್ತು ಬಗೆಯವರನ್ನು ಎಣಿಸುವಾಗ ಆಚಾರ್ಯರ, ತಪಸ್ವಿಗಳ ಸಾಲಿನಲ್ಲಿಯೇ ಗ್ಲಾನರನ್ನೂ, ಅಂದರೆ ರೋಗಪೀಡಿತರನ್ನೂ ಸೇರಿಸಿದೆ. ಸಮಂತಭದ್ರಾಚಾರ್ಯರಂತೂ ರತ್ನಕರಂಡಕ ಶ್ರಾವಕಾಚಾರದಲ್ಲಿ ಗೃಹಸ್ಥನ ನಾಲ್ಕು ಶಿಕ್ಷಾವ್ರತಗಳೊಳಗೆ ಪ್ರೋಷಧೋಪವಾಸದ ಬಳಿಯಲ್ಲೇ ವೈಯಾವೃತ್ತ್ಯಕ್ಕೆ ಸ್ಥಾನವಿತ್ತಿದ್ದಾರೆ. ಕಾಲೊತ್ತುವುದೂ ಅವರ ದೃಷ್ಟಿಯಲ್ಲಿ ವ್ರತವೇ. ನಾವು ಮಾತ್ರ ಉಪವಾಸಿಗಳ ಹೆಸರನ್ನು ಫಲಕದಲ್ಲಿ ಬರೆಯುತ್ತೇವೆ. ಅವರಿಗೆ ನೀರು ಕಾಯಿಸಿಕೊಟ್ಟವರನ್ನು ಕೇಳುವವರಿಲ್ಲ.

ಸೇವೆ ಮಾಡುವುದು ಕೈ. ಅದು ಅಂತರಂಗದ ತಪಸ್ಸು ಹೇಗಾಯಿತು? ಆರ್ತಧ್ಯಾನವನ್ನು ಅರಿತವರಿಗೆ ಇದು ತಿಳಿದೀತು. ಒಲ್ಲದುದು ಬಂದೊದಗಿದ ಸಂಕಟ, ಪ್ರಿಯರಾದವರ ಅಗಲಿಕೆ, ದೇಹದ ವೇದನೆ, ಮುಂದಿನ ಭೋಗದ ಹಂಬಲ, ಈ ನಾಲ್ಕರಲ್ಲಿ ಒಂದನ್ನು ಹಿಡಿದು ಮನಸ್ಸು ಗಾಣದೆತ್ತಿನಂತೆ ಸುತ್ತುತ್ತದೆ. ನಿದ್ದೆ ಬಾರದ ರಾತ್ರಿಯಲ್ಲಿ "ಚಿಂತಿಸಬೇಡ" ಎಂದರೆ ಚಿಂತೆ ನಿಲ್ಲುವುದೇ? ಮನಸ್ಸಿಗೆ ಬೇರೊಂದು ಆಲಂಬನ ಬೇಕು. ರೋಗಿಯ ಬಾಯಿಗೆ ಗಂಜಿ ಹಿಡಿದವನ ಕಣ್ಣು ಅವನ ಗಂಟಲಿನ ಮೇಲಿರುತ್ತದೆ. ತುತ್ತು ಇಳಿಯಿತೇ, ಕೆಮ್ಮು ಬಂದಿತೇ ಎಂದು ನೋಡುವ ಆ ಹೊತ್ತಿನಲ್ಲಿ "ನನ್ನ ದುಃಖ" ಎಂಬುದಕ್ಕೆ ಎಡೆಯಿಲ್ಲ. ಇಂದಿನ ಮನೋವಿಜ್ಞಾನಿಗಳೂ, ವಿಶೇಷವಾಗಿ ವೃದ್ಧರಲ್ಲಿ, ಸ್ವಯಂಸೇವೆಯಲ್ಲಿ ತೊಡಗಿದವರಿಗೆ ಖಿನ್ನತೆ ಕಡಿಮೆಯಿರುವುದನ್ನು ಕಂಡಿದ್ದಾರೆ. ಮನಸ್ಸು ಗಟ್ಟಿಯಿದ್ದವರೇ ಸೇವೆಗೆ ಬರುತ್ತಾರೇನೋ ಎಂಬ ಸಂದೇಹವನ್ನೂ ಅವರೇ ಎತ್ತಿದ್ದಾರೆ; ಆ ಸಂದೇಹ ನ್ಯಾಯವಾದುದೇ.

ಇಲ್ಲೊಂದು ತೊಡಕುಂಟು. ಮನಃಶಾಂತಿ ದೊರೆಯಲೆಂದೇ ಸೇವೆಗೆ ಹೊರಟರೆ ಅದು ನಿದಾನವಾಗದೇ? ಮೂರು ಶಲ್ಯಗಳಲ್ಲಿ ನಿದಾನವೂ ಒಂದು, ಶಲ್ಯವಿದ್ದವನು ವ್ರತಿಯಲ್ಲ. ನಿರ್ವಿಚಿಕಿತ್ಸಾ ಅಂಗಕ್ಕೆ ಹೆಸರಾದ ಉದ್ದಾಯನ ರಾಜನ ಕಥೆ ತಮಗೆ ತಿಳಿದದ್ದೇ. ರೋಗಗ್ರಸ್ತ ಮುನಿಯ ವೇಷದಲ್ಲಿ ಪರೀಕ್ಷೆಗೆ ಬಂದ ದೇವನು ಉಂಡುದನ್ನೆಲ್ಲ ಕಾರಿದಾಗ, ದುರ್ಗಂಧಕ್ಕೆ ಪರಿಜನರು ಓಡಿದರೂ ರಾಜನು ಹೇಸಲಿಲ್ಲ. ತಾನಿತ್ತ ಆಹಾರದಲ್ಲೇ ದೋಷವಿದ್ದೀತೆಂದು ನೊಂದು ಆ ಮೈಯನ್ನು ತೊಳೆದನು. ಆ ಕ್ಷಣದಲ್ಲಿ ಅವನು ತನ್ನ ಶಾಂತಿಯನ್ನು ನೆನೆದಿರಲಾರನು. ರೋಗಿ ಸಿಡುಕಿದಾಗ, ಕೃತಜ್ಞತೆಯ ಒಂದು ಮಾತೂ ಬಾರದಿದ್ದಾಗ ನಮ್ಮ ಮನಸ್ಸು ಕಹಿಯಾದರೆ ಶಲ್ಯ ಒಳಗಿದೆಯೆಂದೇ ತಿಳಿಯಬೇಕು. ಶಲ್ಯವಿದೆಯೆಂದು ಗಂಜಿಯ ಬಟ್ಟಲನ್ನು ಕೆಳಗಿಡಬೇಕಾಗಿಲ್ಲ. ಶಿಕ್ಷಾವ್ರತವೆಂದರೆ ಅಭ್ಯಾಸವಲ್ಲವೇ?

ಇನ್ನೊಂದು ಮಾತು. ತ್ಯಾಗವನ್ನೂ ತಪಸ್ಸನ್ನೂ ಯಥಾಶಕ್ತಿ ಮಾಡಬೇಕೆಂದೇ ಶಾಸ್ತ್ರವಿದೆ. ಹಾಸಿಗೆ ಹಿಡಿದ ಅತ್ತೆಯನ್ನು ವರ್ಷಗಟ್ಟಲೆ ಒಬ್ಬಳೇ ನೋಡಿಕೊಂಡು ಸೋತ ಸೊಸೆಗೆ ಇನ್ನಷ್ಟು ಸೇವೆಯನ್ನು ಉಪದೇಶಿಸುವುದು ಕ್ರೌರ್ಯ. ಅವಳ ಮನೆಯಲ್ಲಿ ಒಂದು ಮಧ್ಯಾಹ್ನ ಕುಳಿತು ಅವಳನ್ನು ಮಲಗಲು ಬಿಡುವುದೇ ಅಲ್ಲಿ ನಮ್ಮ ವೈಯಾವೃತ್ತ್ಯ. ಖಿನ್ನತೆ ರೋಗವಾಗಿ ಬೇರೂರಿದವರನ್ನು ವೈದ್ಯರ ಬಳಿಗೆ ಕರೆದೊಯ್ಯುವುದೂ ಗ್ಲಾನಸೇವೆಯೇ.

ಆ ವೃದ್ಧೆ ಮರುವರ್ಷ ಚತುರ್ದಶಿಯ ಮರುದಿನ ಬೆಳಗ್ಗೆ, ಹೊತ್ತಿಗೆ ಸರಿಯಾಗಿ ತಮ್ಮ ಉಪಾಹಾರವನ್ನೂ ಮಾತ್ರೆಯನ್ನೂ ಮುಗಿಸಿ ಪಾರಣೆಯ ಮನೆಗೆ ಬಂದರು. ಉಪವಾಸ ಮುಗಿಸಿದವರಿಗೆ ಹೆಸರುಬೇಳೆಯ ಕಟ್ಟನ್ನು ಬಿಸಿ ನೋಡಿ ನೋಡಿ ಬಡಿಸಿದರು. "ಹೇಗಿದ್ದೀರಿ, ತಾಯಿ?" ಎಂದು ಕೇಳಿದೆ. "ಈಗ ಮಾತಿಗೆ ಪುರುಸೊತ್ತಿಲ್ಲ, ಪಂಡಿತರೇ. ಆ ಮೂಲೆಯ ಹುಡುಗಿಗೆ ಇನ್ನೂ ನೀರು ಹೋಗಿಲ್ಲ" ಎಂದು ತಂಬಿಗೆಯನ್ನೆತ್ತಿಕೊಂಡು ಅತ್ತ ನಡೆದರು.